ಮಾಷ್ಟ್ರ ಸಂಬಳ: ಸ್ಲಿಪ್ಪಿನಲ್ಲಿ ಕಾಣುವುದು, ಕಾಣದ್ದು

ಹೋದ ವಾರ ನಮ್ಮ ಬಿ.ಎಡ್. ತರಗತಿಯಲ್ಲಿ ಚರ್ಚೆಗೆ ಕೊಟ್ಟ ವಿಷಯ: ಸರ್ಕಾರಿ ಶಾಲೆಯ ಶಿಕ್ಷಕರಿಗೆ ಸಿಗುವ ಸಂಬಳ ಅವರ ಕೆಲಸಕ್ಕೆ ತಕ್ಕದ್ದೇ? ಅರ್ಧ ಮಂದಿ "ಎರಡು ತಿಂಗಳು ರಜೆ, ನಾಲ್ಕು ಗಂಟೆಗೆ ಮನೆ, ಇನ್ನೇನು ಬೇಕು" ಅಂದರು. ಉಳಿದವರು "ಆಚಾರ್ಯ ದೇವೋ ಭವ" ಅಂದರು. ಪರೀಕ್ಷೆಯಲ್ಲಿ ಎರಡಕ್ಕೂ ಮಾರ್ಕು ಸಿಗುವುದಿಲ್ಲ. ಅದಕ್ಕಾಗಿ ಈ ಟಿಪ್ಪಣಿ. ಉದಾಹರಣೆಗಳು ಕಾಸರಗೋಡಿನ ಕನ್ನಡ ಶಾಲೆಗಳವು. ಅಂಕಿಗಳು ಕೇರಳ ಸರ್ಕಾರದವು, ಏಕೆಂದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಮಾಷ್ಟ್ರುಗಳ ಸಂಬಳ ತಿರುವನಂತಪುರದ ಲೆಕ್ಕದಲ್ಲೇ ನಡೆಯುವುದು.

ಮೊದಲು ಸ್ಕೇಲ್, ಅಂದರೆ ತಿಂಗಳ ಮೂಲ ವೇತನದ ಕನಿಷ್ಠ–ಗರಿಷ್ಠ, ನೋಡಿ. 2021ರ ಫೆಬ್ರವರಿಯಲ್ಲಿ ಹೊರಟ 11ನೇ ವೇತನ ಪರಿಷ್ಕರಣೆಯ ಆದೇಶ 2019ರ ಜುಲೈ 1ರಿಂದ ಅನ್ವಯ. ಅದರ ಪ್ರಕಾರ ಎಲ್.ಪಿ. (ಕಿರಿಯ ಪ್ರಾಥಮಿಕ) ಮತ್ತು ಯು.ಪಿ. (ಹಿರಿಯ ಪ್ರಾಥಮಿಕ) ಶಿಕ್ಷಕರಿಗೆ 35,600–75,400, ಹೈಸ್ಕೂಲಿಗೆ 41,300–87,000, ಹೈಯರ್ ಸೆಕೆಂಡರಿ ಶಿಕ್ಷಕರಿಗೆ 55,200–1,15,300. ಸರ್ಕಾರಿ ಶಾಲೆ, ಎಯ್ಡೆಡ್ ಶಾಲೆ ಎರಡಕ್ಕೂ ಇದೇ ಸ್ಕೇಲು, ಸಂಬಳ ಕೊಡುವುದೂ ಸರ್ಕಾರವೇ. ಎಯ್ಡೆಡ್‌ನಲ್ಲಿ ನೇಮಕ ಮಾತ್ರ ಮೆನೇಜರರ ಕೈಯಲ್ಲಿ. ಕೆಲಸ ಸಿಗಲು ಮೆನೇಜ್ಮೆಂಟಿಗೆ ಎಷ್ಟು ಕೊಟ್ಟರು ಎಂಬುದನ್ನು ಯಾರೂ ಬರೆದಿಡುವುದಿಲ್ಲ, ಊರಿಗೆಲ್ಲ ಗೊತ್ತಿರುತ್ತದೆ. ಸಾಲ ಮಾಡಿ ಕೊಟ್ಟವರಿಗೆ ಮೊದಲ ಕೆಲವು ವರ್ಷದ ಸಂಬಳ ಅಂದರೆ ಬ್ಯಾಂಕಿನ ಕಂತು.

ಈಗ ಹೋಲಿಕೆ. ಯುನೆಸ್ಕೊ ಮತ್ತು ಐ.ಎಲ್.ಒ. (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) 1966ರ ಅಕ್ಟೋಬರ್ 5ರಂದು ಅಂಗೀಕರಿಸಿದ ಶಿಫಾರಸಿನಲ್ಲಿ ಇದಕ್ಕೊಂದು ಅಳತೆ ಇದೆ: ಅದೇ ಮಟ್ಟದ ಓದು ಬೇಡುವ ಬೇರೆ ಉದ್ಯೋಗಗಳ ಪಕ್ಕ ಇಟ್ಟು ನೋಡಿದಾಗ ಶಿಕ್ಷಕರ ಸಂಬಳ ಕಳಪೆ ಕಾಣಬಾರದು. (ಶಿಕ್ಷಕರ ವಿಶ್ವ ದಿನ ಅಕ್ಟೋಬರ್ 5ಕ್ಕೆ ಬೀಳುವುದು ಇದೇ ಕಾರಣಕ್ಕೆ. ಒಂದು ಮಾರ್ಕಿನ ಪ್ರಶ್ನೆಗೆ ಒಳ್ಳೆಯದು.) ಅದೇ 2021ರ ಆದೇಶದಲ್ಲಿ ಎಲ್.ಡಿ. ಕ್ಲರ್ಕ್ 26,500ರಿಂದ, ಸಿವಿಲ್ ಪೊಲೀಸ್ 31,100ರಿಂದ, ಸ್ಟಾಫ್ ನರ್ಸ್ 39,300ರಿಂದ ಶುರು. ಪ್ಲಸ್ ಟು, ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ), ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ) ಮುಗಿಸಿ ಬಂದ ಎಲ್.ಪಿ. ಟೀಚರಿಗಿಂತ ನರ್ಸಿಗೆ 3,700 ಜಾಸ್ತಿ. ನರ್ಸುಗಳ ನೈಟ್ ಡ್ಯೂಟಿ ನೆನೆದರೆ ಅದರಲ್ಲಿ ಹೊಟ್ಟೆ ಉರಿಸಿಕೊಳ್ಳುವಂಥದ್ದೇನೂ ಇಲ್ಲ. ಖಾಯಂ ಶಿಕ್ಷಕರಿಗೆ ಘೋರ ಅನ್ಯಾಯವಾಗಿದೆ ಎಂದು ಸಾಧಿಸಲು ಈ ಅಂಕಿಗಳು ಸಾಲವು. ಗಡಿಯ ಆಚೆ ಈಚೆಯ ಅನುದಾನರಹಿತ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ದುಡಿಯುವ ನನ್ನ ಗೆಳತಿಯರು ಈ ಸ್ಕೇಲ್ ಕೇಳಿದರೆ ತಮಗೆ ಸಿಗುವುದನ್ನು ನೆನೆದು ನಕ್ಕಾರು.

ಆದರೆ ಸ್ಕೇಲ್ ಬೇರೆ, ಕೈಗೆ ಬರುವುದು ಬೇರೆ. ಪಂಚಾಯತ್ ಪ್ರದೇಶದಲ್ಲಿ ಮನೆ ಬಾಡಿಗೆ ಭತ್ಯೆ ಮೂಲ ವೇತನದ 4 ಶೇಕಡ, ಅಂದರೆ 35,600ಕ್ಕೆ 1,424 ರೂಪಾಯಿ. ಕಾರ್ಪೊರೇಷನ್ ಪಟ್ಟಣದಲ್ಲಿ 10 ಶೇಕಡ, 3,560. ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಪಾಠ ಮಾಡುವವರಿಗೆ ಸಿಗುವುದು ಮೊದಲನೆಯದು. 2013ರ ಏಪ್ರಿಲ್ 1ರ ಮೇಲೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಪಾಲುದಾರಿಕೆ ಪಿಂಚಣಿಗೆ ಮೂಲ ವೇತನ ಮತ್ತು ಡಿ.ಎ.ಯ (ತುಟ್ಟಿ ಭತ್ಯೆ) 10 ಶೇಕಡ ಕಡಿತ. ಡಿ.ಎ. ಕಂತುಗಳು ವರ್ಷಗಟ್ಟಲೆ ತಡವಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಎರಡು ತಿಂಗಳ ರಜೆಯ ಮಾತಿಗೂ ಉತ್ತರ ಬರೆದಿಟ್ಟುಕೊಳ್ಳಿ. ಶಿಕ್ಷಕರು ದೀರ್ಘ ರಜೆ ಇರುವ ವಿಭಾಗಕ್ಕೆ ಸೇರಿದವರು. ಆದ್ದರಿಂದ ಕ್ಲರ್ಕಿಗೆ ಸಿಗುವಷ್ಟು ಗಳಿಕೆ ರಜೆ ಅವರಿಗೆ ಜಮೆಯಾಗುವುದಿಲ್ಲ, ಅದನ್ನು ಒಪ್ಪಿಸಿ ಹಣ ಪಡೆಯುವ ದಾರಿಯೂ ಆ ಮಟ್ಟಿಗೆ ಮುಚ್ಚಿದೆ. ರಜೆ ಪೂರ್ತಿ ಬಿಟ್ಟಿ ಅಲ್ಲ.

ಇನ್ನು ಸ್ಲಿಪ್ಪಿನಲ್ಲಿ ಕಾಣದ್ದು. ಇಲ್ಲಿ ಸ್ವಲ್ಪ ನಿಧಾನಿಸೋಣ, ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ಕೇರಳದಲ್ಲಿ ಜೂನಿಗೆ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಆ ವರ್ಷದ ಹುದ್ದೆಗಳ ನಿರ್ಣಯ. ನಾಲ್ಕು ಮಕ್ಕಳು ಕಡಿಮೆಯಾಗಿ ಒಂದು ಡಿವಿಷನ್ ಹೋದರೆ ಒಬ್ಬರ ಹುದ್ದೆಯೂ ಹೋಯಿತು. ನಾನು ಟೀಚಿಂಗ್ ಪ್ರಾಕ್ಟೀಸಿಗೆ ಹೋದ ಎಯ್ಡೆಡ್ ಶಾಲೆಗೆ ಗುಡ್ಡದ ಆಚೆ ಬದಿಯಿಂದ ಮಕ್ಕಳನ್ನು ತರಲು ಒಂದು ಜೀಪು ಇತ್ತು. ಬಸ್ಸಿಲ್ಲದ ದಾರಿ. ಜೀಪಿನ ಬಾಡಿಗೆ ಕೊಡುವುದು ಯಾರು ಅಂತ ಕೇಳಿದೆ. ಎಚ್ಚೆಮ್ (ಮುಖ್ಯ ಶಿಕ್ಷಕಿ) ಟೀಚರ್ ಮೇಜಿನ ಡ್ರಾಯರಿನಿಂದ ಒಂದು ಹಳೆ ಡೈರಿ ತೆಗೆದು ತೋರಿಸಿದರು. ಪ್ರತಿ ತಿಂಗಳ ಪುಟದಲ್ಲೂ ಏಳು ಹೆಸರು, ಪ್ರತಿ ಹೆಸರಿನ ಎದುರು 2,500, ಪಕ್ಕದಲ್ಲೊಂದು ಟಿಕ್ ಮಾರ್ಕ್. ಏಳು ಜನ ಅಂದರೆ ಎಲ್ಲ ಶಿಕ್ಷಕರು. ಒಬ್ಬರ ಹೆಸರಿನ ಎದುರು ಟಿಕ್ ಇರಲಿಲ್ಲ. "ಅವರದ್ದು ಇನ್ನೂ ಅಪ್ರೂವಲ್ ಆಗ್ಲಿಲ್ಲ, ಸಂಬಳವೇ ಇಲ್ಲ. ಕೇಳುವುದು ಹೇಗೆ?" ಅಂದರು ಟೀಚರ್. ಅಪ್ರೂವಲ್ ಅಂದರೆ ಮೆನೇಜರರು ಮಾಡಿದ ನೇಮಕಕ್ಕೆ ಸರ್ಕಾರದ ಒಪ್ಪಿಗೆ. ಕೆಲಸ ಉಳಿಸಿಕೊಳ್ಳಲು ಕೆಲಸಗಾರನೇ ಕೊಡುವ ಬಾಡಿಗೆ ಇದು. ಸ್ಪಾರ್ಕ್ (ಕೇರಳ ಸರ್ಕಾರದ ಸಂಬಳದ ಸಾಫ್ಟ್‌ವೇರ್) ಸ್ಲಿಪ್ಪಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಬಿಸಿಯೂಟದ್ದೂ ಇಂಥದೇ ಕಥೆ. 2016ರಲ್ಲಿ ನಿಗದಿಯಾದ ದರ ಹೀಗಿತ್ತು: ಮೊದಲ 150 ಮಕ್ಕಳಿಗೆ ತಲಾ 8 ರೂಪಾಯಿ, ಅಲ್ಲಿಂದ 500ರ ತನಕ 7, ಅದಕ್ಕೂ ಮೇಲೆ 6. 2023 ಬಂದರೂ ಅದೇ ದರ. ಅಕ್ಕಿ ಬೇರೆ ಬರುತ್ತದೆ. ತರಕಾರಿ, ತೆಂಗಿನಕಾಯಿ, ಗ್ಯಾಸು, ಹಾಲು, ವಾರಕ್ಕೊಂದು ಮೊಟ್ಟೆ ಈ ದುಡ್ಡಿನಲ್ಲೇ ಆಗಬೇಕಿತ್ತು. 60 ಮಕ್ಕಳ ಶಾಲೆಗೆ ದಿನಕ್ಕೆ 480 ರೂಪಾಯಿ. ಮೊಟ್ಟೆಯ ದಿನ ಒಂದಕ್ಕೆ ಆರರಂತೆ ಹಿಡಿದರೂ ಮೊಟ್ಟೆಗೇ 360 ಹೋಯಿತು. ಉಳಿದ 120ರಲ್ಲಿ ಅರುವತ್ತು ಎಲೆಗೆ ಸಾಂಬಾರು ಮಾಡಿ ನೋಡಿ! ಅದೂ ಹಣ ಸಮಯಕ್ಕೆ ಬಂದರೆ. ಬಾರದಿದ್ದಾಗ ಅಂಗಡಿಯ ಸಾಲ ಮುಖ್ಯ ಶಿಕ್ಷಕರ ಹೆಸರಲ್ಲಿ. 2023ರಲ್ಲಿ ಅವರ ಸಂಘಟನೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಇದಕ್ಕೇ. ದರ ಆಮೇಲೆ ಬದಲಾಗಿದೆ, ಉತ್ತರದಲ್ಲಿ ವರ್ಷ ನಮೂದಿಸಲು ಮರೆಯಬೇಡಿ.

ಕನ್ನಡ ಶಾಲೆಗಳಿಗೆ ಇದರ ಮೇಲೊಂದು ಕೆಲಸ ಇದೆ: ಮಲಯಾಳದಲ್ಲಿ ಬರುವ ಸುತ್ತೋಲೆ, ತರಬೇತಿಯ ಮಾಡ್ಯೂಲುಗಳನ್ನು ರಾತ್ರಿ ಕೂತು ಕನ್ನಡಕ್ಕೆ ತಂದು ವಾಟ್ಸಾಪ್ ಗುಂಪಿಗೆ ಹಾಕುವುದು. ಇದಕ್ಕೆ ಭತ್ಯೆ ಎಂಬುದನ್ನು ನಾನಂತೂ ಕೇಳಿಲ್ಲ.

ಸಿದ್ಧಾಂತದ ಭಾಗಕ್ಕೆ ಎರಡು ಹೆಸರು ಸಾಕು. ಒಂದು ಅಮೆರಿಕದ ಅರ್ಥಶಾಸ್ತ್ರಜ್ಞ ಬೌಮೋಲ್. 1960ರ ದಶಕದಲ್ಲಿ ಅವರು ಹೇಳಿದ್ದು: ಕಾರ್ಖಾನೆಯಲ್ಲಿ ಯಂತ್ರ ಬಂದು ಉತ್ಪಾದನೆ ಏರುತ್ತದೆ, ಸಂಬಳವೂ ಏರುತ್ತದೆ, ಪಾಠಕ್ಕೆ ಅಂದೂ ಇಂದೂ ಅಷ್ಟೇ ಹೊತ್ತು ಬೇಕು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಒಂದು ಪದ್ಯ ಕಲಿಸಲು ತೆಗೆದುಕೊಂಡ ಹೊತ್ತನ್ನು ಇವತ್ತಿನ ಸ್ಮಾರ್ಟ್ ಕ್ಲಾಸು ಅರ್ಧಕ್ಕಿಳಿಸಲಾರದು. ಆದರೂ ಶಿಕ್ಷಕರ ಸಂಬಳ ಏರಲೇಬೇಕು, ಇಲ್ಲವಾದರೆ ಜಾಣರು ಬೇರೆ ಕಡೆ ಹೋಗುತ್ತಾರೆ. "ಉತ್ಪಾದಕತೆ ಏರದೆ ಸಂಬಳ ಏಕೆ" ಎಂಬವರಿಗೆ ಇದೇ ಉತ್ತರ.

ಎರಡನೆಯವರು ಆಡಮ್ ಸ್ಮಿತ್, 1776. ಕೂಲಿ ಹೆಚ್ಚುಕಡಿಮೆಯಾಗಲು ಅವರು ಕೊಟ್ಟ ಐದು ಕಾರಣಗಳಲ್ಲಿ ಕೆಲಸದ ನಿರಂತರತೆಯೂ ಒಂದು. ಮಳೆ ಬಂದರೆ ಗಾರೆ ಕೆಲಸದವನಿಗೆ ಕೆಲಸ ಇಲ್ಲ. ಆದ್ದರಿಂದ ಕೆಲಸ ಇರುವ ದಿನ ಅವನಿಗೆ ಜಾಸ್ತಿ ಸಿಗಬೇಕು. ಆಟಿಯ ಮಳೆಗೆ ಮನೆಯಲ್ಲಿ ಕೂರುವ ನಮ್ಮ ಕೆಂಪುಕಲ್ಲಿನ ಮೇಸ್ತ್ರಿಯ ದಿನಗೂಲಿಗೂ ಈ ಲೆಕ್ಕ ಹೊಂದುತ್ತದೆ. ಈಗ ದಿನಗೂಲಿ ಶಿಕ್ಷಕರನ್ನು ತೆಗೆದುಕೊಳ್ಳಿ. ದಿನಕ್ಕೆ 1,000 ಎಂದು ಲೆಕ್ಕಕ್ಕೆ ಹಿಡಿಯೋಣ. ತಿಂಗಳಲ್ಲಿ 20 ಕೆಲಸದ ದಿನ ಬಿದ್ದರೆ 20,000. ಓಣಂ, ಕ್ರಿಸ್ಮಸ್ ರಜೆಯ ತಿಂಗಳು ಇನ್ನೂ ಕಡಿಮೆ. ಏಪ್ರಿಲ್, ಮೇ ಸೊನ್ನೆ. ಪಕ್ಕದ ಕುರ್ಚಿಯ ಖಾಯಂ ಟೀಚರ್ ಅದೇ ನಾಲ್ಕನೇ ತರಗತಿಗೆ ಅದೇ ಭಾಗಾಕಾರ ಹೇಳಿಕೊಡುತ್ತಾರೆ. ಸ್ಮಿತ್ ಪ್ರಕಾರ ದಿನದ ಲೆಕ್ಕದಲ್ಲಿ ಹೆಚ್ಚು ಸಿಗಬೇಕಾದದ್ದು ಯಾರಿಗೆ, ಸಿಗುವುದು ಯಾರಿಗೆ? ನನ್ನ ಮಟ್ಟಿಗೆ ಅನ್ಯಾಯ ಇರುವುದು ಇಲ್ಲಿ, ಒಂದೇ ಸ್ಟಾಫ್ ರೂಮಿನ ಎರಡು ಕುರ್ಚಿಗಳ ನಡುವೆ. ಖಾಯಂ ಸಂಬಳದ ಚರ್ಚೆಯಲ್ಲಿ ಈ ಎರಡನೇ ಕುರ್ಚಿಯನ್ನೇ ಮರೆಯುತ್ತೇವೆ.

ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದಕ್ಕೆ ಕಾನೂನಿನ ಸಾಲು ಬೇಕಿದ್ದರೆ: ಸಂವಿಧಾನದ 39(ಡಿ) ವಿಧಿ, ರಣಧೀರ್ ಸಿಂಗ್ ಪ್ರಕರಣ, 1982, ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಪ್ರಕರಣ, 2016. ಕೊನೆಯದರಲ್ಲಿ ಸುಪ್ರೀಂ ಕೋರ್ಟು, ಖಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಸ್ಕೇಲಿನ ಕನಿಷ್ಠ ವೇತನವಾದರೂ ಸಿಗಬೇಕು ಎಂದಿತು. ನಾನು ಪ್ರಾಕ್ಟೀಸಿಗೆ ಹೋದ ಆ ಜೀಪಿನ ಶಾಲೆಯ ದಿನಗೂಲಿ ಟೀಚರಿಗೆ ಈ ತೀರ್ಪಿನ ಬಗ್ಗೆ ಹೇಳಿದೆ. ಅವರು ಸರ್ಟಿಫಿಕೇಟ್ ಫೈಲಿಗೆ ಹೊಸ ಪ್ಲಾಸ್ಟಿಕ್ ಕವರು ಹಾಕುತ್ತಿದ್ದರು. ಜೂನಿಗೆ ಅದೇ ವರಾಂಡದಲ್ಲಿ ಅದೇ ಹುದ್ದೆಗೆ ನಾಲ್ಕನೇ ಸಲದ ಇಂಟರ್ವ್ಯೂ ಇತ್ತು.

ಪಿಂಚಣಿಯ ಲೆಕ್ಕ ಉದ್ದ ಇದೆ, ಬೇರೆ ಟಿಪ್ಪಣಿಯಲ್ಲಿ ಬರೆಯುತ್ತೇನೆ.