ಗಾಜಿನ ಮೇಲೆ ಉಳಿದ ರೆಕ್ಕೆಯ ಅಚ್ಚು

ಪಾರಿವಾಳದ ಜಾತಿಯ ಹಕ್ಕಿ ಕಿಟಕಿಗೆ ಬಡಿದರೆ ಕೆಲವೊಮ್ಮೆ ಗಾಜಿನ ಮೇಲೆ ಅದರ ಅಚ್ಚು ಮೂಡುತ್ತದೆ. ಆ ಕುಲದ ಹಕ್ಕಿಗಳ ಪುಕ್ಕದಲ್ಲಿ ಹಿಟ್ಟಿನಷ್ಟು ನುಣ್ಣನೆಯ ಪುಡಿಯಿರುತ್ತದೆ. ಬಡಿದ ರಭಸಕ್ಕೆ ಅದು ಗಾಜಿಗೆ ಮೆತ್ತಿಕೊಳ್ಳುತ್ತದೆ. ಓರೆ ಬೆಳಕಿನಲ್ಲಿ ನೋಡಿದರೆ ಬಿಚ್ಚಿದ ಎರಡು ರೆಕ್ಕೆ, ಒಂದೊಂದು ಗರಿಯ ಗೆರೆ, ಎದೆಯ ದುಂಡು ಎಲ್ಲವೂ ಕಾಣುತ್ತವೆ. ಅಂಥದ್ದೊಂದನ್ನು ಒರೆಸಲು ಬಟ್ಟೆ ಹಿಡಿದು ಹೋದ ನಾನು ಕೈ ಬಾರದೆ ಬಹಳ ಹೊತ್ತು ನಿಂತಿದ್ದೆ.

ಗಾಜು ನಮಗೂ ಕಾಣುವುದಿಲ್ಲ. ಚೌಕಟ್ಟು, ಹಿಡಿಕೆಗಳನ್ನು ನೋಡಿ ಅಲ್ಲಿ ಗಾಜಿದೆ ಎಂದು ಊಹಿಸುವುದನ್ನು ಚಿಕ್ಕಂದಿನಿಂದ ಕಲಿತಿದ್ದೇವೆ, ಅಷ್ಟೇ. ಹಕ್ಕಿಗೆ ಆ ಪಾಠವಾಗಿಲ್ಲ. ಗಾಜಿನಲ್ಲಿ ಮರ ಪ್ರತಿಫಲಿಸಿದರೆ ಅದರ ಪಾಲಿಗೆ ಅದು ಮರವೇ, ಆಕಾಶ ಕಂಡರೆ ಆಕಾಶವೇ. ಅಮೆರಿಕ ಒಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಎಂಬುದು 2014ರ ಅಂದಾಜು. ಈ ಸಾವುಗಳಲ್ಲಿ ಗಗನಚುಂಬಿ ಕಟ್ಟಡಗಳ ಪಾಲು ಶೇ 1ಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಸಾಧಾರಣ ಮನೆಗಳ, ತೀರಾ ಎತ್ತರವಲ್ಲದ ಕಟ್ಟಡಗಳ ಲೆಕ್ಕಕ್ಕೆ ಸೇರುತ್ತದೆ.

ಹಗಲಿನ ಗಾಜಿಗೆ ರಾತ್ರಿಯ ದೀಪವೂ ಜೊತೆಯಾದರೆ ಅನಾಹುತ ಬೇರೆಯೇ ಮಟ್ಟಕ್ಕೆ ಹೋಗುತ್ತದೆ. ಸಣ್ಣ ಹಾಡುಹಕ್ಕಿಗಳಲ್ಲಿ ಬಹುಪಾಲು ವಲಸೆ ಹೋಗುವುದು ರಾತ್ರಿಯಲ್ಲಿ. ನಕ್ಷತ್ರಗಳನ್ನೂ ಭೂಮಿಯ ಕಾಂತಕ್ಷೇತ್ರವನ್ನೂ ಆಧಾರ ಮಾಡಿಕೊಂಡು ದಾರಿ ಹಿಡಿಯುವ ಅವುಗಳನ್ನು ವಿದ್ಯುದ್ದೀಪ ದಾರಿತಪ್ಪಿಸಿ ತನ್ನತ್ತ ಸೆಳೆಯುತ್ತದೆ. ಷಿಕಾಗೊದ ಸರೋವರದ ದಂಡೆಯಲ್ಲಿ ಮೆಕಾರ್ಮಿಕ್ ಪ್ಲೇಸ್ ಎಂಬ ದೊಡ್ಡ ಸಮಾವೇಶ ಭವನವಿದೆ. ಆ ನಗರದ ಫೀಲ್ಡ್ ಮ್ಯೂಸಿಯಂ ಎಂಬ ನಿಸರ್ಗ ಇತಿಹಾಸ ಸಂಗ್ರಹಾಲಯದ ಡೇವಿಡ್ ವಿಲ್ಲಾರ್ಡ್ 1978ರಿಂದ ವಲಸೆಯ ಋತುಗಳಲ್ಲಿ ಆ ಭವನದ ಬುಡದಲ್ಲಿ ಸತ್ತು ಬಿದ್ದ ಹಕ್ಕಿಗಳನ್ನು ಆಯ್ದು ಲೆಕ್ಕವಿಡುತ್ತ ಬಂದರು. ಲೆಕ್ಕ ನಲವತ್ತು ಸಾವಿರ ದಾಟಿತು. ದೀಪ ಆರಿದ್ದ ಕಿಟಕಿಗಳ ಕೆಳಗೆ ಹಕ್ಕಿಗಳು ಕಡಿಮೆ ಬೀಳುತ್ತವೆ ಎಂಬುದು ಅವರ ಕಣ್ಣಿಗೆ ಬಿತ್ತು. ಆ ಒಂದು ಗಮನಿಕೆಯೇ ಮುಂದೆ ವಿಜ್ಞಾನವಾಯಿತು. ಕಿಟಕಿಗಳ ಬೆಳಕನ್ನು ಹಿಂದೆ ದಾಖಲಾದ ಕನಿಷ್ಠ ಮಟ್ಟಕ್ಕೆ ಇಳಿಸಿದರೆ ಸಾವು ಸುಮಾರು ಶೇ 60ರಷ್ಟು ಇಳಿಯುತ್ತದೆ ಎಂದು 2021ರ ಅಧ್ಯಯನ ಅಂದಾಜಿಸಿತು. ಆದರೂ 2023ರ ಅಕ್ಟೋಬರ್ 5ರ ಬೆಳಗ್ಗೆ ಅದೇ ಭವನದ ಸುತ್ತ ಸಾವಿರದ ಹತ್ತಿರ ಹಕ್ಕಿಗಳು ಸತ್ತು ಬಿದ್ದಿದ್ದವು. ಮರುವರ್ಷ ಗಾಜಿಗೆಲ್ಲ ಸಣ್ಣ ಚುಕ್ಕೆಗಳ ಹಾಳೆ ಅಂಟಿಸಿದರು. ಆ ಶರತ್ಕಾಲದಲ್ಲಿ ಸಾವಿನ ಪ್ರಮಾಣ ಶೇ 95ರಷ್ಟು ಕುಸಿಯಿತು. ಈ ಅಂಕಿಯನ್ನು ಮೊದಲು ಓದಿದಾಗ ನನಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಯಿತು. ಬರೀ ಚುಕ್ಕೆ! ಅದಕ್ಕೆ ನಲವತ್ತಾರು ವರ್ಷ ಬೇಕಾಯಿತು.

‘ಹಕ್ಕಿಗಳು ಕಡಿಮೆಯಾಗುತ್ತಿವೆ’ ಎಂದು ನಿಟ್ಟುಸಿರು ಬಿಟ್ಟರೆ ಏನೂ ಆಗುವುದಿಲ್ಲ. ಯಾವ ಹಕ್ಕಿ, ಎಲ್ಲಿ, ಯಾವುದರಿಂದ ಸಾಯುತ್ತಿದೆ ಎಂದು ಬೆರಳಿಟ್ಟು ತೋರಿಸಬೇಕು. ದಕ್ಷಿಣ ಏಷ್ಯಾದ ರಣಹದ್ದುಗಳ ಕಥೆ ನೋಡಿ. 1990ರ ದಶಕದಲ್ಲಿ ಅವು ಕಣ್ಣೆದುರೇ ಮಾಯವಾಗತೊಡಗಿದವು. ಬಿಳಿಬೆನ್ನಿನ ರಣಹದ್ದುಗಳಲ್ಲಿ ಭಾರತದೊಳಗೆ ನೂರಕ್ಕೆ ಒಂದೂ ಉಳಿಯಲಿಲ್ಲ. ರೋಗಾಣುವಿರಬಹುದು ಎಂದು ಹುಡುಕಿದವರಿಗೆ ಏನೂ ಸಿಗಲಿಲ್ಲ. ಸತ್ತ ಹದ್ದುಗಳ ಹೊಟ್ಟೆ ಸೀಳಿದಾಗ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಕಟ್ಟಿಕೊಂಡಿತ್ತು, ಅಂದರೆ ಮೂತ್ರಪಿಂಡ ಕೈಕೊಟ್ಟಿತ್ತು. ಜಾನುವಾರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವೇ ಕಾರಣವೆಂದು 2004ರಲ್ಲಿ ಖಚಿತವಾಯಿತು. ಒಂದು ಕಳೇಬರಕ್ಕೆ ಹತ್ತಾರು ಹದ್ದುಗಳು ಮುಗಿಬೀಳುವುದರಿಂದ ನೂರು ಕಳೇಬರಗಳಲ್ಲಿ ಒಂದರಲ್ಲಿ ಔಷಧ ಉಳಿದಿದ್ದರೂ ಇಷ್ಟು ದೊಡ್ಡ ಕುಸಿತಕ್ಕೆ ಸಾಕಿತ್ತು. ಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಮ್ ಎಂಬ ನೋವುನಿವಾರಕ ಸಿಕ್ಕಿತು, 2006ರಲ್ಲಿ ಭಾರತ, ಪಾಕಿಸ್ತಾನ, ನೇಪಾಳಗಳು ಡೈಕ್ಲೊಫೆನಾಕನ್ನು ಪಶುವೈದ್ಯದಿಂದ ತೆಗೆದವು. ಕುಸಿತದ ವೇಗ ತಗ್ಗಿತು. ಆದರೆ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕಳೆದುಕೊಂಡಷ್ಟು ಬೇಗ ಅವು ಮರಳಿ ಬರಲಾರವು.

ಎಲ್ಲ ಸಾವಿಗೂ ಚುಕ್ಕೆಯ ಹಾಳೆಯಂಥ ಪರಿಹಾರವಿಲ್ಲ ಎಂಬುದನ್ನೂ ಹೇಳಲೇಬೇಕು. ಹುಲ್ಲುಗಾವಲು ಉಳುಮೆಗೆ ಹೋದರೆ, ಕೀಟನಾಶಕದಿಂದ ಹುಳುಗಳೇ ಇಲ್ಲವಾದರೆ, ಮರಿಗೆ ಉಣಿಸಲು ತಾಯಿಗೆ ಏನು ಸಿಕ್ಕೀತು? ಅಮೆರಿಕ ಮತ್ತು ಕೆನಡಾಗಳಲ್ಲಿ 1970ರಿಂದೀಚೆಗೆ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಹುಲ್ಲುಗಾವಲಿನ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿವೆ. ಅದೇ ಅಧ್ಯಯನದಲ್ಲಿ ಬಾತುಗಳ ಸಂಖ್ಯೆ ಏರಿದೆ. ಜೌಗು ನೆಲಗಳನ್ನು ಹಣ ಕೊಟ್ಟು, ಕಾನೂನು ತಂದು ದಶಕಗಳ ಕಾಲ ಕಾಪಾಡಿದ್ದರ ಫಲ ಅದು. ಡಿಡಿಟಿ ಎಂಬ ಕೀಟನಾಶಕದ ಬಳಕೆ ನಿಂತ ಮೇಲೆ ಬೇಟೆಹಕ್ಕಿಗಳೂ ಹೆಚ್ಚಿದವು. ನನ್ನ ಮಟ್ಟಿಗೆ ಆ ಇಡೀ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು.

ಇನ್ನು ಮನೆಯ ಕಿಟಕಿ. ಗಿಡುಗನ ಚಿತ್ರವೊಂದನ್ನು ಗಾಜಿನ ನಡುವೆ ಅಂಟಿಸಿದರೆ ಪ್ರಯೋಜನವಿಲ್ಲ. ಹಕ್ಕಿ ಅದರ ಪಕ್ಕದಿಂದ ನುಗ್ಗುತ್ತದೆ. ಗಾಜಿನ ಹೊರಮೈಯಲ್ಲಿ, 5 ಸೆಂಟಿಮೀಟರಿಗೆ ಒಂದರಂತೆ, ಅಂಚಿನಿಂದ ಅಂಚಿನವರೆಗೆ ಗುರುತುಗಳಿರಬೇಕು. ಬಣ್ಣದ ಚುಕ್ಕೆಯಾದರೂ ಸರಿ, ಇಳಿಬಿಟ್ಟ ದಾರವಾದರೂ ಸರಿ. ಒಳಗಿನಿಂದ ಅಂಟಿಸಿದರೆ ಪ್ರತಿಫಲನ ಅದನ್ನು ಮುಚ್ಚಿಬಿಡುತ್ತದೆ. ಸಾಕಿದ ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳಿ. ಅಷ್ಟಾಗಿಯೂ ಹಕ್ಕಿಯೊಂದು ಬಡಿದು ಬಿದ್ದು ಕಣ್ಣು ಮಿಟುಕಿಸುತ್ತಿದ್ದರೆ ನೀರು ಹನಿಸಬೇಡಿ, ಕಾಳು ಹಾಕಬೇಡಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ಒಂದು ಗಂಟೆಯಾದರೂ ಮೇಲೇಳದಿದ್ದರೆ ವನ್ಯಜೀವಿಗಳಿಗೆ ಚಿಕಿತ್ಸೆ ಕೊಡುವವರ ಬಳಿ ಒಯ್ಯಿರಿ. ಅಷ್ಟರೊಳಗೆ ಉಗುರುಗಳು ರಟ್ಟನ್ನು ಗೀರುವ ಸದ್ದು ಕೇಳಿದರೆ ಪೆಟ್ಟಿಗೆಯನ್ನು ಬಯಲಿಗೆ ಒಯ್ದು, ಕಿಟಕಿಗಳಿಗೆ ಬೆನ್ನು ಮಾಡಿ ನಿಂತು ಮುಚ್ಚಳ ತೆಗೆಯಿರಿ.