ಹಳ್ಳಿ ದೇವಸ್ಥಾನಕ್ಕೆ ಹೋದಾಗಲೆಲ್ಲ ಬೀಗ ಹಾಕಿರುತ್ತದಲ್ಲ, ಏನು ಮಾಡುವುದು?

ಪ್ರಶ್ನೆ: ನಾವು ಬೆಂಗಳೂರಿನ ಜೆ.ಪಿ. ನಗರದಲ್ಲಿದ್ದೇವೆ. ತಿಂಗಳಿಗೊಂದು ಭಾನುವಾರ ಊರಾಚೆ ಯಾವುದಾದರೂ ಹಳೇ ದೇವಸ್ಥಾನ ನೋಡಿಕೊಂಡು ಬರುವುದು ಅಭ್ಯಾಸ. ಆದರೆ ಹೋದ ಐದು ಕಡೆಯಲ್ಲಿ ಮೂರು ಕಡೆ ಬೀಗ. ಮೊಬೈಲ್ ಮ್ಯಾಪ್ ‘ತೆರೆದಿದೆ’ ಅನ್ನುತ್ತದೆ, ಹೋಗಿ ನೋಡಿದರೆ ಜಗಲಿ ಮೇಲೆ ಮಲಗಿರುವ ನಾಯಿ ಬಿಟ್ಟು ಯಾರೂ ಇರುವುದಿಲ್ಲ. ಯಾವ ಹೊತ್ತಿಗೆ ಹೋಗಬೇಕು? ಅರ್ಚಕರನ್ನು ಕರೆಸಿ ಬಾಗಿಲು ತೆಗೆಸುವುದು ತಪ್ಪಾ? ತೆಗೆದರೆ ಎಷ್ಟು ಕೊಡಬೇಕು?

ಉತ್ತರ: ನೀವು ತಲುಪಿದ್ದು ಹನ್ನೊಂದರ ಮೇಲೆ ಅಂತ ನನ್ನ ಊಹೆ. ಭಾನುವಾರ ಎದ್ದು, ಮಕ್ಕಳನ್ನು ಹೊರಡಿಸಿ, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು ಕಾಫಿ ಕುಡಿದು ಹೋಗುವಷ್ಟರಲ್ಲಿ ಯಾರಿಗಾದರೂ ಅಷ್ಟು ಹೊತ್ತಾಗುತ್ತದೆ. ಹಳ್ಳಿ ದೇವಸ್ಥಾನದಲ್ಲಿ ಬೆಳಗಿನ ಕೆಲಸ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಆರೂವರೆಗೋ ಏಳಕ್ಕೋ ಬಾಗಿಲು ತೆಗೆದು, ಗುಡಿಸಿ, ನೀರು ಹಾಕಿ, ಅಭಿಷೇಕ, ಅಲಂಕಾರ, ನೈವೇದ್ಯ, ಮಂಗಳಾರತಿ. ಒಂಬತ್ತರ ಹೊತ್ತಿಗೆ ಬೀಗ. ಸಂಜೆ ದೀಪ ಹಚ್ಚಲು ಆರರ ಮೇಲೆ ಮತ್ತೆ ಒಂದು ಗಂಟೆ, ಅಷ್ಟೇ.

ಇಷ್ಟು ಬೇಗ ಯಾಕೆ ಮುಚ್ಚುತ್ತಾರೆ ಅಂದರೆ, ಅರ್ಚಕರಿಗೆ ಬೇರೆ ಕೆಲಸ ಇರುತ್ತದೆ. ಇದು ಬೆಂಗಳೂರಿನ ದೊಡ್ಡ ದೇವಸ್ಥಾನಗಳನ್ನೇ ನೋಡಿ ಬೆಳೆದವರಿಗೆ ಹೊಳೆಯುವುದೇ ಇಲ್ಲ. ಮುಜರಾಯಿ ಇಲಾಖೆ ತನ್ನ ದೇವಸ್ಥಾನಗಳನ್ನು ವರ್ಷದ ಆದಾಯ ನೋಡಿ ಎ, ಬಿ, ಸಿ ಅಂತ ಮೂರು ಭಾಗ ಮಾಡಿದೆ. 25 ಲಕ್ಷಕ್ಕಿಂತ ಜಾಸ್ತಿ ಆದಾಯ ಇದ್ದರೆ ಎ, 5ರಿಂದ 25 ಲಕ್ಷದೊಳಗೆ ಬಿ, 5 ಲಕ್ಷಕ್ಕಿಂತ ಕಡಿಮೆ ಆದರೆ ಸಿ. ಎ ಮತ್ತು ಬಿ ಸೇರಿಸಿದರೂ ಕೆಲವೇ ನೂರು. ಸಿ ವರ್ಗದವು ಸುಮಾರು 34 ಸಾವಿರ. ನೀವು ಹುಡುಕಿಕೊಂಡು ಹೋಗುವ ಹಳ್ಳಿ ಗುಡಿಗಳೆಲ್ಲ ಹೆಚ್ಚುಕಮ್ಮಿ ಈ ಗುಂಪಿನವೇ.

ಇಂಥ ಗುಡಿಗಳಿಗೆ ಹಿಂದೆ ಇನಾಮು ಜಮೀನು ಇತ್ತು. ಗದ್ದೆ ಬೆಳೆದದ್ದರಲ್ಲಿ ದೇವರಿಗೂ ಅರ್ಚಕರ ಮನೆಗೂ ಪಾಲು ಬರುತ್ತಿತ್ತು. 1955ರ ಇನಾಮು ರದ್ದತಿ ಕಾಯ್ದೆ ಬಂದ ಮೇಲೆ ಜಮೀನು ಹೋಯಿತು, ಬದಲಿಗೆ ಸರ್ಕಾರ ವರ್ಷಕ್ಕಿಷ್ಟು ಅಂತ ದುಡ್ಡು ಕೊಡಲು ಶುರು ಮಾಡಿತು. ಅದಕ್ಕೆ ತಸ್ತೀಕ್ ಅನ್ನುತ್ತಾರೆ. 2025ರ ಬಜೆಟ್‌ನಲ್ಲಿ ಸಿ ವರ್ಗದ ದೇವಸ್ಥಾನಗಳ ತಸ್ತೀಕನ್ನು ವರ್ಷಕ್ಕೆ 60 ಸಾವಿರದಿಂದ 72 ಸಾವಿರ ರೂಪಾಯಿಗೆ ಏರಿಸಿದರು. ಅಂದರೆ ತಿಂಗಳಿಗೆ 6 ಸಾವಿರ. ಎಣ್ಣೆ, ಬತ್ತಿ, ಹೂವು, ನೈವೇದ್ಯದ ಅಕ್ಕಿ ಎಲ್ಲವೂ ಅದರಲ್ಲೇ ಆಗಬೇಕು. ಇದರಲ್ಲಿ ಸಂಸಾರ ನಡೆಯುತ್ತದಾ? ಹಾಗಾಗಿ ಒಬ್ಬರು ಪೂಜೆ ಮುಗಿಸಿ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯಲು ಹೋಗುತ್ತಾರೆ. ಇನ್ನೊಬ್ಬರು ಪಂಚೆ ಬಿಚ್ಚಿ ಪ್ಯಾಂಟು ಹಾಕಿಕೊಂಡು ಎಂಟೂಮುಕ್ಕಾಲಿನ ಬಸ್ಸು ಹಿಡಿದು ಪೀಣ್ಯದ ಫ್ಯಾಕ್ಟರಿ ಕೆಲಸಕ್ಕೆ ಬರುತ್ತಾರೆ. ಒಬ್ಬರೇ ಮೂರು ಊರಿನ ಗುಡಿ ನೋಡಿಕೊಳ್ಳುವುದೂ ಉಂಟು. ಟಿವಿಎಸ್ ಮೊಪೆಡ್ ಮೇಲೆ, ಹ್ಯಾಂಡಲ್‌ಗೆ ಹೂವಿನ ಕವರ್ ತೂಗುಹಾಕಿಕೊಂಡು ಆರಕ್ಕೆ ಇಲ್ಲಿ, ಏಳಕ್ಕೆ ಅಲ್ಲಿ.

ಮ್ಯಾಪಿನಲ್ಲಿ ಬೆಳಗ್ಗೆ ಆರರಿಂದ ರಾತ್ರಿ ಎಂಟು ಅಂತ ಹಾಕಿದವರು ಬಹುಶಃ ಜಾತ್ರೆ ದಿನ ಹೋಗಿದ್ದವರು. ಅದನ್ನು ನಂಬಬೇಡಿ.

ಬೆಂಗಳೂರಿನಿಂದ ಆರಕ್ಕೇ ಹೊರಡಿ, ಏಳೂವರೆಗೆ ಅಲ್ಲಿರುತ್ತೀರಿ. ತಿಂಡಿ ಬರುವಾಗ ತಿನ್ನಿ. ಆಗದಿದ್ದರೆ ಮಧ್ಯಾಹ್ನ ಊಟ ಮಾಡಿಯೇ ಹೊರಟು ಸಂಜೆ ದೀಪದ ಹೊತ್ತಿಗೆ ಸೇರಿಕೊಳ್ಳಿ. ಶಿವನ ಗುಡಿಗೆ ಸೋಮವಾರ, ಆಂಜನೇಯ, ನರಸಿಂಹ, ತಿಮ್ಮಪ್ಪನ ಗುಡಿಗೆ ಶನಿವಾರ ಹೋದರೆ ಬಾಗಿಲು ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ. ಮಾರಮ್ಮ, ಮುತ್ಯಾಲಮ್ಮ, ಪಟಾಲಮ್ಮನ ಗುಡಿಗಳ ಲೆಕ್ಕವೇ ಬೇರೆ. ಎಷ್ಟೋ ಕಡೆ ಮಂಗಳವಾರ, ಶುಕ್ರವಾರ ಬಿಟ್ಟರೆ ತೆಗೆಯುವುದೇ ಇಲ್ಲ. ಅಲ್ಲಿ ಪೂಜೆ ಊರಿನ ಪೂಜಾರಿ ಮನೆತನದವರದು, ಅಣ್ಣತಮ್ಮಂದಿರ ನಡುವೆ ಸರದಿ ಇರುತ್ತದೆ. ಭಾನುವಾರ ಹೋಗಿ ‘ಯಾರೂ ಇಲ್ಲ’ ಅಂದರೆ ಅದು ಅಮ್ಮನ ತಪ್ಪಲ್ಲ!

ನನ್ನನ್ನು ಕೇಳಿದರೆ ಧನುರ್ಮಾಸವೇ ಒಳ್ಳೆಯದು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ. ಬೆಳಗಿನ ಜಾವ ಐದಕ್ಕೆಲ್ಲ ಪೂಜೆ ಶುರು. ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡ ಅಜ್ಜಂದಿರು, ಸೊಂಟಕ್ಕೆ ಸೆರಗು ಬಿಗಿದ ಹೆಂಗಸರು, ಹೊರಗೆ ಮಂಜು, ಒಳಗೆ ಎಣ್ಣೆ ದೀಪ. ಆರೂಕಾಲಕ್ಕೆ ಮಂಗಳಾರತಿ ಆಗಿ ದೊನ್ನೆಯಲ್ಲಿ ಬಿಸಿ ಹುಗ್ಗಿ ಕೊಡುತ್ತಾರೆ. ತುಪ್ಪ ಕಡಿಮೆ, ಮೆಣಸು ಜಾಸ್ತಿ. ದೊನ್ನೆ ಹಿಡಿದುಕೊಂಡರೇ ಕೈ ಬೆಚ್ಚಗಾಗುತ್ತದೆ. ಆ ಹೊತ್ತಿಗೆ ಹೆಚ್ಚಿನ ಹಳ್ಳಿಗಳಲ್ಲಿ ಬೀಗ ಇರುವುದಿಲ್ಲ.

ಇನ್ನು ಕರೆಸುವ ವಿಷಯ. ಕೇಳುವುದು ತಪ್ಪಲ್ಲ. ದೂರದಿಂದ ಬಂದವರಿಗೆ ದರ್ಶನ ಮಾಡಿಸುವುದು ಅವರಿಗೂ ಸಂತೋಷವೇ. ಆದರೆ ಹೇಗೆ, ಯಾವಾಗ ಕೇಳುತ್ತೀರಿ ಅನ್ನುವುದು ಮುಖ್ಯ. ಇದನ್ನು ನಾನು ಕಲಿತದ್ದು ಒಂದು ಸಲ ನಾಚಿಕೆಪಟ್ಟ ಮೇಲೆ.

ಮಾಗಡಿ ಕಡೆಯ ಒಂದು ಊರು. ನಾವು ನಾಲ್ಕು ಜನ, ಹೋದಾಗ ಹನ್ನೆರಡಾಗುತ್ತಾ ಬಂದಿತ್ತು. ಅರಳಿಕಟ್ಟೆ ಮೇಲೆ ಕೂತಿದ್ದ ಯಜಮಾನರನ್ನು ಕೇಳಿದೆವು. ಅವರು ಒಬ್ಬ ಹುಡುಗನನ್ನು ಕೂಗಿ, ‘ಹೋಗೋ, ಐನೋರ್ನ ಕರ್ಕೊಂಡ್ ಬಾ, ಬೆಂಗ್ಳೂರೋರು ಬಂದವ್ರೆ ಅನ್ನು’ ಅಂದರು. ಹುಡುಗ ಸೈಕಲ್ ಹತ್ತಿ ಹೋದ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ನಮ್ಮಲ್ಲಿ ಒಬ್ಬರು ಗೊಣಗಲು ಶುರು ಮಾಡಿದರು, ‘ಒಂದು ಬೀಗ ತೆಗೆಯೋಕೆ ಇಷ್ಟು ಹೊತ್ತಾ?’ ಕೊನೆಗೆ ಅರ್ಚಕರು ಬಂದರು. ತಲೆಯಿಂದ ನೀರು ಇಳಿಯುತ್ತಿತ್ತು. ಒದ್ದೆ ಪಂಚೆ ಕಾಲಿಗೆ ಅಂಟಿಕೊಂಡಿತ್ತು. ಉಗುರಿನ ಸಂದಿಯಲ್ಲಿ ಮಾತ್ರ ಇನ್ನೂ ಕೆಮ್ಮಣ್ಣು. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರು ನಮಗೋಸ್ಕರ ಮನೆಗೆ ಹೋಗಿ ಎರಡನೇ ಸಲ ತಣ್ಣೀರು ಸ್ನಾನ ಮಾಡಿ ಬಂದಿದ್ದರು. ಮಡಿ ಇಲ್ಲದೆ ಗರ್ಭಗುಡಿ ಹೊಸ್ತಿಲು ದಾಟುವಂತಿಲ್ಲ ಅಲ್ವಾ? ಸೊಂಟದ ದಾರದಿಂದ ಗೇಣುದ್ದದ ಬೀಗದ ಕೈ ಬಿಚ್ಚಿ, ಬಾಗಿಲನ್ನು ಭುಜದಿಂದ ಒತ್ತಿ ತೆಗೆದರು. ಆರತಿ ತಟ್ಟೆಯನ್ನು ದೇವರ ಪಾದದ ಹತ್ತಿರ ಹಿಡಿದು, ನಿಧಾನವಾಗಿ ಮೇಲೆ ತಂದು, ಮುಖದ ಹತ್ತಿರ ಎರಡು ಕ್ಷಣ ನಿಲ್ಲಿಸಿದರು. ನಮ್ಮ ಗೊಣಗಾಟ ಅಲ್ಲಿಗೆ ನಿಂತಿತು.

ಅಂದಿನಿಂದ ಹನ್ನೆರಡರಿಂದ ನಾಲ್ಕರವರೆಗೆ ನಾನು ಯಾರನ್ನೂ ಕರೆಸಿಲ್ಲ. ಮಿಕ್ಕ ಹೊತ್ತಿನಲ್ಲೂ ‘ಬಾಗಿಲು ತೆಗೀತಾರಾ?’ ಅಂತ ಶುರು ಮಾಡದೆ ‘ಐನೋರು ಬಿಡುವಾಗಿದ್ದಾರಾ?’ ಅಂತ ಕೇಳುತ್ತೇನೆ. ಅಮ್ಮನ ಗುಡಿಯಾದರೆ ‘ಪೂಜಾರಪ್ಪ ಇದ್ದಾರಾ’ ಅನ್ನಿ. ಕಟ್ಟೆ ಮೇಲೆ ಕೂತವರನ್ನೋ ಪೆಟ್ಟಿ ಅಂಗಡಿಯವರನ್ನೋ ಕೇಳುವುದು ವಾಸಿ. ಅವರು ‘ಇಲ್ಲ’ ಅಂದರೆ ಇಲ್ಲ. ಕಾರಣ ಕೆದಕಲು ಹೋಗಬೇಡಿ. ನೈವೇದ್ಯ ಆದ ಮೇಲೆ ಸಂಜೆವರೆಗೆ ಬಾಗಿಲು ತೆಗೆಯುವ ಪದ್ಧತಿ ಕೆಲವು ಕಡೆ ಇಲ್ಲವೇ ಇಲ್ಲ. ಅರ್ಚಕರ ಮನೆಯಲ್ಲಿ ಸೂತಕ ಇರಬಹುದು. ಊರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಹೆಣ ಎತ್ತುವವರೆಗೆ ಎಷ್ಟೋ ಹಳ್ಳಿಗಳಲ್ಲಿ ಗುಡಿ ತೆಗೆಯುವುದಿಲ್ಲ. ಅಂಥ ದಿನ ‘ನಾವು ಅಷ್ಟು ದೂರದಿಂದ ಬಂದಿದ್ದೇವೆ’ ಅಂದರೆ ಏನು ಚೆನ್ನ ಹೇಳಿ.

ಬೀಗ ಹಾಕಿದ್ದರೆ ಬಂದದ್ದು ದಂಡ ಅಂತಲೂ ಅಲ್ಲ. ಊರಿನವರೇ ಕೆಲಸಕ್ಕೆ ಹೋಗುವಾಗ ಮುಚ್ಚಿದ ಬಾಗಿಲ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಕಂಬಿ ಬಾಗಿಲಾದರೆ ಒಳಗಿನ ನಂದಾದೀಪ ಕಾಣುತ್ತದೆ. ಕಾಯಿ ತಂದಿದ್ದರೆ ಹೊರಗಿನ ಕಲ್ಲಿಗೆ ಒಡೆದು, ಕರ್ಪೂರ ಹಚ್ಚಿ ಪ್ರದಕ್ಷಿಣೆ ಹಾಕಿ. ಅದೂ ಸೇವೆಯೇ.

ನೋಡುವುದಕ್ಕೂ ಹೊರಗೇ ಜಾಸ್ತಿ ಇರುತ್ತದೆ. ಅರಳಿಮರದ ಕೆಳಗೆ ನಾಗರಕಲ್ಲುಗಳು, ಗೋಡೆಗೆ ಒರಗಿಸಿಟ್ಟ ವೀರಗಲ್ಲುಗಳು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತಿರುವುದು. ನಿಮ್ಮ ಜೆ.ಪಿ. ನಗರಕ್ಕೆ ಹತ್ತಿರವೇ ಬೇಗೂರಿನ ನಾಗೇಶ್ವರ ದೇವಸ್ಥಾನ ಇದೆ. ಸುತ್ತ ಅಪಾರ್ಟ್‌ಮೆಂಟು ಎದ್ದಿದ್ದರೂ ಅದು ಹಳ್ಳಿ ಗುಡಿಯೇ. ಅಲ್ಲಿ ಸುಮಾರು ಕ್ರಿ.ಶ. 890ರ ಕನ್ನಡ ಶಾಸನ ಒಂದಿದೆ. ‘ಬೆಂಗಳೂರು ಕಾಳಗ’ದಲ್ಲಿ ಗಂಗರ ಕಾಲದ ನಾಯಕ ನಾಗತ್ತರನ ಮಗ ಸತ್ತ ಸುದ್ದಿ ಅದರಲ್ಲಿದೆ. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದಕಾಳು ಕೊಟ್ಟಳು, ಅದರಿಂದ ಬೆಂಗಳೂರು ಅಂತ ಹೆಸರು ಬಂತು ಅನ್ನುವ ಕತೆಯನ್ನು ಮಕ್ಕಳಿಗೆ ಹೇಳುತ್ತೇವಲ್ಲ, ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಈ ಹೆಸರು ಕಲ್ಲಿನ ಮೇಲಿತ್ತು. ಇದನ್ನು ಓದಲು ಗರ್ಭಗುಡಿ ಬಾಗಿಲು ತೆಗೆದಿರಬೇಕಾಗಿಲ್ಲ. ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ.

ನಡುಮಧ್ಯಾಹ್ನವೇ ಹೋಗಬೇಕಾಗಿ ಬಂದರೆ ನಂದಿಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರಕ್ಕೆ ಹೋಗಿ. ಅದು ಕೇಂದ್ರ ಪುರಾತತ್ವ ಇಲಾಖೆಯದು. ಗರ್ಭಗುಡಿ ಮುಚ್ಚಿದ್ದರೂ ಪ್ರಾಕಾರ, ಕರಿಕಲ್ಲಿನ ಕಲ್ಯಾಣಮಂಟಪ, ಕಲ್ಯಾಣಿ ನೋಡುತ್ತಾ ಎರಡು ಗಂಟೆ ಕಳೆಯಬಹುದು. ಜನಜಂಗುಳಿಯೇ ಬೇಕು ಅಂದರೆ ಬೇಸಿಗೆ ಶುರುವಿನಲ್ಲಿ ಸರ್ಜಾಪುರ ಕಡೆ ಹುಸ್ಕೂರು ಮದ್ದೂರಮ್ಮನ ಜಾತ್ರೆ. ಸುತ್ತಲ ಹಳ್ಳಿಗಳವರು ನೂರು ಅಡಿಗೂ ಮೀರಿದ ಕುರ್ಜುಗಳನ್ನು, ಅಂದರೆ ಗೋಪುರದಂಥ ಎತ್ತರದ ತೇರುಗಳನ್ನು, ಎಳೆದು ತರುತ್ತಾರೆ. ದೂರ ನಿಂತು ನೋಡಿ. 2025ರಲ್ಲಿ ಗಾಳಿಮಳೆಗೆ ಕುರ್ಜು ಉರುಳಿ ಇಬ್ಬರು ತೀರಿಕೊಂಡರು.

ಇನ್ನು ದುಡ್ಡು. ‘ಎಷ್ಟಾಯ್ತು ಸ್ವಾಮಿ?’ ಅಂತ ಕೇಳಬೇಡಿ, ಅದು ಅಂಗಡಿ ಅಲ್ಲ. ಹುಂಡಿಗೆ ಹಾಕಿದ್ದು ದೇವಸ್ಥಾನದ ಲೆಕ್ಕಕ್ಕೆ ಹೋಗುತ್ತದೆ. ಮಂಗಳಾರತಿ ತಟ್ಟೆಗೆ ಹಾಕಿದ್ದು, ಸಣ್ಣ ಗುಡಿಗಳಲ್ಲಿ, ಅರ್ಚಕರ ಮನೆಗೆ. ನಿಮಗೋಸ್ಕರ ಬಂದು ತೆಗೆದಿದ್ದರೆ ತಟ್ಟೆಗೆ ನೂರೋ ಇನ್ನೂರೋ ಹಾಕಿ. ಅವರು ಅರ್ಧ ದಿನದ ಕೂಲಿ ಬಿಟ್ಟು ಬಂದಿರಬಹುದು. ಹತ್ತು ರೂಪಾಯಿ ಹಾಕಿ ಹದಿನೈದು ಸೆಲ್ಫಿ ತೆಗೆದುಕೊಳ್ಳುವವರನ್ನು ನೋಡಿದ್ದೇನೆ. ಗರ್ಭಗುಡಿ ಕಡೆಗೆ ಮೊಬೈಲ್ ಹಿಡಿಯಲೇಬೇಡಿ, ಉಳಿದ ಕಡೆ ಕೇಳಿ ತೆಗೆಯಿರಿ. ಬರಿಗೈಯಲ್ಲಿ ಹೋಗುವ ಬದಲು ಅರ್ಧ ಲೀಟರ್ ಎಳ್ಳೆಣ್ಣೆ, ಒಂದು ಪೊಟ್ಟಣ ಬತ್ತಿ ತೆಗೆದುಕೊಂಡು ಹೋದರೆ ಅವರ ಮುಖ ಅರಳುತ್ತದೆ. ಶಿವನಿಗಾದರೆ ಬಿಲ್ವಪತ್ರೆ, ನರಸಿಂಹನಿಗೆ ತುಳಸಿ, ಅಮ್ಮನಿಗೆ ನಿಂಬೆಹಣ್ಣು. ಹಳ್ಳಿಯಲ್ಲಿ ಹೂವಿನಂಗಡಿ ಇರುತ್ತದೆ ಅಂದುಕೊಳ್ಳಬೇಡಿ, ಇಲ್ಲಿಂದಲೇ ಒಯ್ಯಿರಿ.

ಗೋತ್ರ, ನಕ್ಷತ್ರ ಕೇಳಿದಾಗ ತಡಬಡಾಯಿಸುವವರು ಬಹಳ. ಗೊತ್ತಿಲ್ಲದಿದ್ದರೆ ‘ದೇವರ ಹೆಸರಲ್ಲೇ ಮಾಡಿ’ ಅನ್ನಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕೊನೆಗೆ ಒಂದು ಸುಲಭ ಉಪಾಯ. ಈಗ ಎಷ್ಟೋ ಗುಡಿಗಳಲ್ಲಿ ಬಾಗಿಲ ಪಕ್ಕದ ಗೋಡೆ ಮೇಲೆ ಅರ್ಚಕರ ಮೊಬೈಲ್ ನಂಬರನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಒಂದು ಸಲ ಹೋದಾಗ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಶನಿವಾರ ರಾತ್ರಿ ಏಳೂವರೆ ಮೇಲೆ ಫೋನ್ ಮಾಡಿ, ಅಷ್ಟರಲ್ಲಿ ಸಂಜೆ ದೀಪ ಮುಗಿಸಿ ಮನೆಯಲ್ಲಿರುತ್ತಾರೆ. ‘ನಾಳೆ ಎಂಟಕ್ಕೆ ಬರ್ತೀವಿ, ನಾಲ್ಕು ಜನ’ ಅಂದರೆ ಸಾಕು. ಎಂಟು ಅಂದಮೇಲೆ ಎಂಟಕ್ಕೇ ಹೋಗಿ, ಎಂಟೂಮುಕ್ಕಾಲಿಗೆ ಅವರ ಬಸ್ಸು ಇರಬಹುದು.