ಆಂಫರೆಟೆಯ ಕೈಯಲ್ಲಿರುವ ಮಗು

ಪ್ರಾಚೀನ ಗ್ರೀಕ್ ಶಿಲ್ಪದ ಪಾಠದಲ್ಲಿ ಅಥೆನ್ಸಿನ ಕೆರಮೈಕೋಸ್ ವಸ್ತುಸಂಗ್ರಹಾಲಯದ ಒಂದು ಸಮಾಧಿಗಲ್ಲಿನ ಚಿತ್ರವನ್ನು ಪ್ರತಿವರ್ಷ ತೋರಿಸುತ್ತೇನೆ. ಪ್ರತಿವರ್ಷವೂ ತರಗತಿಯಿಂದ ಬರುವ ಉತ್ತರ ಒಂದೇ: ‘ತಾಯಿ, ಮಗು.’ ಕುಳಿತ ಯುವತಿಯ ಎಡತೋಳಿನಲ್ಲಿ ಬಟ್ಟೆ ಸುತ್ತಿದ ಕೂಸಿದೆ, ಬಲಗೈಯಲ್ಲಿ ಪುಟ್ಟ ಹಕ್ಕಿಯಿದೆ. ಉಬ್ಬುಶಿಲ್ಪದ ಮೇಲ್ಭಾಗದಲ್ಲೇ ಕೊರೆದ ಪದ್ಯವನ್ನು ಯಾರೂ ಕೇಳುವುದಿಲ್ಲ. ಆಂಫರೆಟೆ ಎಂಬಾಕೆ ಅಲ್ಲಿ ಹೇಳುವುದಿಷ್ಟು: ಇದು ನನ್ನ ಮಗಳ ಮುದ್ದು ಮಗು; ನಾವಿಬ್ಬರೂ ಬದುಕಿದ್ದು ಸೂರ್ಯನ ಬೆಳಕು ಕಾಣುತ್ತಿದ್ದಾಗ ಇದನ್ನು ಮೊಣಕಾಲ ಮೇಲೆ ಕೂರಿಸಿಕೊಳ್ಳುತ್ತಿದ್ದೆ; ಈಗ ತೀರಿಹೋದ ಮಗುವನ್ನು ತೀರಿಹೋದ ನಾನು ಹಿಡಿದಿದ್ದೇನೆ.

ಆಕೆ ತಾಯಿಯಲ್ಲ, ಅಜ್ಜಿ. ‘ಹಾಗಾದರೆ ಮುಖದಲ್ಲಿ ಒಂದು ಸುಕ್ಕೂ ಏಕಿಲ್ಲ?’ ಎಂದು ಕೇಳುವವರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ: ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸಿನ ಶಿಲ್ಪಿ ಮುಖವನ್ನು ಭಾವಚಿತ್ರದಂತೆ ಕೆತ್ತುತ್ತಿರಲಿಲ್ಲ, ಗೌರವಾನ್ವಿತ ಗೃಹಿಣಿಯ ಆದರ್ಶ ರೂಪವನ್ನು ಕೆತ್ತುತ್ತಿದ್ದ. ಕಾರ್ಯಾಗಾರದಲ್ಲಿ ಸಿದ್ಧವಾಗಿದ್ದ ಕಲ್ಲನ್ನೇ ಕೊಂಡು ಪದ್ಯವನ್ನು ಆಮೇಲೆ ಕೊರೆಸಿರುವ ಸಾಧ್ಯತೆಯೂ ಇದೆ. ಆದರೆ ಈ ಕಲ್ಲಿನ ಬಗ್ಗೆ ಅದನ್ನು ಖಚಿತವಾಗಿ ಹೇಳಲಾರೆ. ಕಲ್ಲು ಕ್ರಿ.ಪೂ. 430ರಿಂದ 410ರ ನಡುವಿನದೆಂದು ಗೊತ್ತಾದೊಡನೆ ಕ್ರಿ.ಪೂ. 430ರಲ್ಲಿ ಅಥೆನ್ಸಿಗೆ ಬಂದ ಮಹಾಮಾರಿಯನ್ನು ಇದಕ್ಕೆ ಜೋಡಿಸುವವರಿದ್ದಾರೆ. ಸಾವಿನ ಕಾರಣವನ್ನು ಪದ್ಯ ಹೇಳುವುದಿಲ್ಲ, ನಾವೂ ಹೇಳಬಾರದು.

ಅಕ್ಷರವೇ ಇಲ್ಲದ ಕಲ್ಲಿನ ಮುಂದೆ ಇನ್ನೂ ಹೆಚ್ಚು ಸಂಯಮ ಬೇಕು. ಪಾರೋಸ್ ದ್ವೀಪದಲ್ಲಿ 1775ರಲ್ಲಿ ಸಿಕ್ಕಿ, ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ಸುಮಾರು 80 ಸೆಂಟಿಮೀಟರ್ ಎತ್ತರದ ಅಮೃತಶಿಲೆಯಲ್ಲಿ, ಪುಟ್ಟ ಹುಡುಗಿಯೊಬ್ಬಳು ಎರಡು ಪಾರಿವಾಳಗಳನ್ನು ಹಿಡಿದು, ಒಂದರ ಕೊಕ್ಕನ್ನು ತುಟಿಗೆ ತಾಗಿಸಿಕೊಂಡಿದ್ದಾಳೆ. ತುಂಬಿದ ಕೆನ್ನೆ, ದುಂಡು ತೋಳು, ಬದಿಯಲ್ಲಿ ತೆರೆದುಕೊಂಡ ಉಡುಪು: ಮಗುವಿನ ಮೈಯನ್ನು ಅಷ್ಟು ಅಕ್ಕರೆಯಿಂದ ನೋಡಿದ ಶಿಲ್ಪಿಯ ಬಗ್ಗೆ ನನಗೆ ತುಂಬು ಪ್ರೀತಿ. ಆದರೂ ಪಾರಿವಾಳ ಎಂದರೆ ಆತ್ಮ ಎಂದು ಬರೆದ ಉತ್ತರಪತ್ರಿಕೆಗೆ ಅಂಕ ಕೊಡುವುದಿಲ್ಲ. ಗ್ರೀಕ್ ಮಕ್ಕಳು ಹಕ್ಕಿಗಳನ್ನು ಸಾಕಿ ಆಡುತ್ತಿದ್ದರು.

ಒಮ್ಮೆ ಸಾರ್ವಜನಿಕ ಉಪನ್ಯಾಸದಲ್ಲಿ ಆಂಫರೆಟೆಯ ಪದ್ಯವನ್ನು ಓದಿ ಮುಗಿಸಿದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು, ‘ತಾಯಿಯೂ ಹೋದಳು, ಮಗುವೂ ಹೋಯಿತು; ಆ ಮಗಳ ಗತಿಯೇನಾಯಿತು ಸಾರ್?’ ಎಂದು ಕೇಳಿದರು. ‘ತಾಯಿ, ಮಗು’ ಎಂದು ಓದಿದೊಡನೆ ನಮ್ಮ ಕಣ್ಣಿಂದ ಮರೆಯಾಗುವವಳು ಅವಳೇ. ಪದ್ಯದಲ್ಲಿ ಅವಳಿದ್ದಾಳೆ, ಹೆಸರಿಲ್ಲ.